ಹೊಟ್ಟೆಗೆ ಅವಳ ಸಂಬಳ, ಮನೆಗೆ ಅವನ ಸಂಬಳ

ನಮ್ಮಕ್ಕನ ಮಗಳನ್ನು ಮನೆಯಲ್ಲಿ ಎಲ್ಲರೂ ಕರೆಯುವುದು ಇರುವೆ ಎಂದು. ಚಿಕ್ಕವಳಿದ್ದಾಗ ಖಾಲಿ ಪೆನ್ನು, ಒಂಟಿ ಗುಂಡಿ, ರಬ್ಬರ್ ಬ್ಯಾಂಡು, ಏನು ಸಿಕ್ಕರೂ ಡಬ್ಬಕ್ಕೆ ಹಾಕಿಡುತ್ತಿದ್ದಳು. ಈಗ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುತ್ತಾಳೆ. ಎರಡು ವರ್ಷದ ಹಿಂದೆ ಲಿಫ್ಟ್ ಮೆಕ್ಯಾನಿಕ್ ಒಬ್ಬನನ್ನು ಮದುವೆಯಾದಳು. ಹುಡುಗ ಒಳ್ಳೆಯವನೇ. ನನಗೆ ಒಳ್ಳೆಯವರ ಮೇಲೆಯೇ ಸಿಟ್ಟು ಜಾಸ್ತಿ. ಕೆಟ್ಟವರಾದರೆ ನಾವು ಮೊದಲೇ ಹುಷಾರಾಗಿರುತ್ತೇವೆ.

ಮದುವೆಯಾದ ವಾರವೇ ಗಂಡ ಹೆಂಡತಿ ಕೂತು ಲೆಕ್ಕಾಚಾರ ಹಾಕಿದರು. "ನಿನ್ನ ಸಂಬಳದಲ್ಲಿ ಹೊಟ್ಟೆ ನೋಡ್ಕೊಳ್ಳೋಣ, ನನ್ನದನ್ನ ಮನೆಗೆ ಅಂತ ಎತ್ತಿಡೋಣ," ಅಂದ ಅವನು. ಇವಳು ಕುಣಿದುಕೊಂಡು ಒಪ್ಪಿದಳು. ಇಬ್ಬರದರಿಂದಲೂ ಅಷ್ಟಷ್ಟು ಎತ್ತಿಡಿ ಎಂದೆ ನಾನು. "ಚಿಕ್ಕಮ್ಮ, ನೀನು ಮೊಸರಲ್ಲೂ ಕಲ್ಲು ಹುಡುಕ್ತೀಯ," ಎಂದು ನಕ್ಕಳು.

ಅವರ ಬಾಡಿಗೆ ಕೋಣೆಯಲ್ಲಿ ಮಂಚದಿಂದ ಕೈ ಚಾಚಿದರೆ ಒಲೆ ಸಿಗುತ್ತಿತ್ತು. ಆ ಕೋಣೆಯ ಬಾಡಿಗೆ, ಅಕ್ಕಿ, ಹಾಲು, ಗ್ಯಾಸು, ಅವನ ಬೂಟು, ಮಾವನ ಕಣ್ಣಿನ ಆಪರೇಷನ್ನು, ಎಲ್ಲವೂ ಇವಳ ಸಂಬಳದಿಂದ. ಚಪ್ಪಲಿ ಕಿತ್ತುಹೋದರೆ ಹೊಲಿಸಿಕೊಂಡೇ ಓಡಾಡಿದಳು. ಗಂಡನ ಖಾತೆ ತುಂಬುವುದನ್ನು ನೋಡಿ ಅವನಿಗಿಂತ ಇವಳಿಗೇ ಹೆಚ್ಚು ಖುಷಿ.

ಕೊನೆಗೂ ಎರಡು ಕೋಣೆಯ ಮನೆಯೊಂದು ಸಿಕ್ಕಿತು. ಕೂಡಿಟ್ಟದ್ದು ಮುಂಗಡಕ್ಕೆ, ಮಿಕ್ಕದ್ದು ಬ್ಯಾಂಕಿನ ಸಾಲ. ನೋಂದಣಿ ಕಚೇರಿಗೆ ಸಾಕ್ಷಿ ಹಾಕಲು ನನ್ನನ್ನೂ ಕರೆದರು. ಇವಳು ಮದುವೆಯ ಸೀರೆ ಉಟ್ಟು ಬಂದಿದ್ದಳು. ಪತ್ರ ಬರೆಯುವವನು ಗಟ್ಟಿಯಾಗಿ ಓದಿದ. ಕೊಳ್ಳುವವರ ಜಾಗದಲ್ಲಿ ಇದ್ದದ್ದು ಗಂಡನ ಹೆಸರೊಂದೇ.

"ನನ್ನ ಹೆಸರು?" ಅಂದಳು.

ಜೊತೆಗೆ ಬಂದಿದ್ದ ಅವಳ ಮಾವ ಕನ್ನಡಕ ಸರಿಮಾಡಿಕೊಂಡರು. ಅದೂ ಇವಳೇ ಮಾಡಿಕೊಟ್ಟ ಕನ್ನಡಕ. "ಇದರಲ್ಲಿ ನಿಂದೇನಿದೆಯಮ್ಮ? ಬೇಕಾದ್ರೆ ಬ್ಯಾಂಕಿನವರನ್ನೇ ಕೇಳು. ಒಂದೊಂದು ಪೈಸೆನೂ ಅವನ ಖಾತೆಯಿಂದ ಬಂದಿರೋದು."

ನನಗೆ ಮೈಯೆಲ್ಲ ಉರಿದುಹೋಯಿತು. ಎರಡು ವರ್ಷ ಆ ಖಾತೆಗೆ ಯಾರೂ ಕೈ ಹಾಕದ ಹಾಗೆ ನೋಡಿಕೊಂಡವಳು ಯಾರು? ತಿಂದ ಅನ್ನಕ್ಕೆ ಯಾವ ಬ್ಯಾಂಕು ರಶೀದಿ ಕೊಡುತ್ತದೆ? ಗೆದ್ದಲು ಕಟ್ಟಿದ ಹುತ್ತ ಹಾವಿನ ಪಾಲು ಎನ್ನುತ್ತಾರೆ. ನಮ್ಮಲ್ಲಿ ಇರುವೆಗೂ ಅದೇ ಗತಿ ಬಂತು.

ಗಂಡ ಸಣ್ಣ ದನಿಯಲ್ಲಿ, "ಹೆಸರು ಯಾರದ್ದಾದ್ರೇನು, ಮನೆ ಇಬ್ಬರದೂ ತಾನೆ?" ಅಂದ.

"ಯಾರದ್ದಾದ್ರೂ ನಡೆಯುತ್ತೆ ಅಂದ್ರೆ ನನ್ನದೇ ಬರೆಸಿ," ಅಂದಳು ಇರುವೆ.

ಅವನು ಅಪ್ಪನ ಮುಖ ನೋಡಿದ. ಅಪ್ಪ ಗೋಡೆ ನೋಡಿದರು. ಇಬ್ಬರ ಹೆಸರನ್ನೂ ಸೇರಿಸಬಹುದು ಎಂದ ಪತ್ರ ಬರೆಯುವವನು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನಾನು ಪೆನ್ನಿಗೆ ಮುಚ್ಚಳ ಹಾಕಿದೆ.

"ಬೀಗರೇ, ನಾನು ಕಣ್ಣಾರೆ ಕಂಡಿರೋದೇ ಬೇರೆ. ಇದಕ್ಕೆ ನಾನು ಸಾಕ್ಷಿ ಅಲ್ಲ."

ಅವರಿಗೇನು, ಮೆಟ್ಟಿಲ ಹತ್ತಿರ ಚಹಾ ಮಾರುವವನನ್ನು ಕರೆದು ರುಜು ಹಾಕಿಸಿದರು. ಅವನಿಗೆ ಇವರು ಯಾರೆಂಬುದೂ ಗೊತ್ತಿರಲಿಲ್ಲ.

ಇರುವೆ ಅಳಲಿಲ್ಲ. ಹೊಸ ಮನೆಗೆ ಹೋದ ಮೇಲೆ ಮೊದಲ ಸಂಬಳ ಬಂದ ದಿನವೇ ಬ್ಯಾಂಕಿಗೆ ಹೋಗಿ, ಸಾಲದ ಕಂತು ಇನ್ನು ತನ್ನ ಖಾತೆಯಿಂದಲೇ ಹೋಗಲಿ ಎಂದು ಬರೆದುಕೊಟ್ಟು ಬಂದಳು. ಸಂಜೆ ನಾನೂ ಅಲ್ಲೇ ಇದ್ದೆ. ಖಾಲಿ ಅಕ್ಕಿ ಡಬ್ಬವನ್ನು ಗಂಡನ ಮುಂದೆ ಇಟ್ಟಳು.

"ಕಂತು ನಾನು ಕಟ್ತೀನಿ. ಹೊಟ್ಟೆ ಇನ್ಮೇಲೆ ನಿಮ್ಮದು."

ಅವನು ಅಕ್ಕಿ, ಹಾಲು, ಗ್ಯಾಸು, ಅಪ್ಪನ ಔಷಧಿ ಎಂದು ಒಂದೊಂದೇ ಬೆರಳು ಮಡಚುತ್ತಾ ಹೋದ. ಬೆರಳು ಸಾಲಲಿಲ್ಲ.

"ಎಲ್ಲಾ ಇದಕ್ಕೇ ಹೋದ್ರೆ ನಂಗೇನೇ ಉಳಿಯುತ್ತೆ?" ಅಂದ.

"ನಂಗೆ ಉಳಿದಷ್ಟು," ಎಂದು ಅವಳು ಅಂಗಡಿಗೆ ಒಯ್ಯುವ ಚೀಲವನ್ನು ಅವನ ಕೈಗೆ ಕೊಟ್ಟಳು.