ರಂಗೂನ್ ಮಣಿಯ ಜೇಡ

ಮಿರ್ಲೆಯ ಶಿವನಂಜಮ್ಮನವರು ಮಾತಿಗೆ ಕೂತರೆಂದರೆ ಒಲೆಯ ಮೇಲಿನ ಸಾರು ಇಂಗಿಹೋಗುತ್ತಿತ್ತು. ಅವರ ಗಂಡ ಚಿಕ್ಕಬಸಪ್ಪನವರು ರಂಗೂನಿನ ಅಕ್ಕಿ ಗಿರಣಿಯಲ್ಲಿದ್ದವರು. ಯುದ್ಧದಲ್ಲಿ ಎಲ್ಲ ಬಿಟ್ಟು ನಡೆದೇ ಊರು ಸೇರಿದಾಗ ಪಂಚೆಯ ಗಂಟಿನಲ್ಲಿ ಉಳಿದಿದ್ದದ್ದು ಒಂದು ಹಳದಿ ಮಣಿ. ಅದರೊಳಗೆ ಕಾಲು ಚಾಚಿದ ಜೇಡ. ಗಂಡ ತೀರಿಕೊಂಡ ಮೇಲೆ ಶಿವನಂಜಮ್ಮ ಅದನ್ನು ಕರಿದಾರಕ್ಕೆ ಪೋಣಿಸಿ ಕೊರಳಿಗೆ ಕಟ್ಟಿಕೊಂಡರು. ಆಣೆ ಇಡುವುದೂ ಅದರ ಮೇಲೆ, ಗಂಡನ ಮೇಲಿನ ದೂರು ಹೇಳುವುದೂ ಅದಕ್ಕೇ.

ಸೊಸೆ ವಿಮಲ ಮೈಸೂರಿನಲ್ಲಿ ಓದಿದವಳು. ಜೇಡ ಸಿಕ್ಕಿಕೊಂಡ ಮರದ ಅಂಟು ಲಕ್ಷಾಂತರ ವರ್ಷ ನೆಲದಡಿಯಿದ್ದು ಹೀಗೆ ಗಟ್ಟಿಯಾಗುತ್ತದೆಂದು ಬಲ್ಲಳು. ಬಲ್ಲವಳೆಂದು ನೆಮ್ಮದಿಯೇನೂ ಇರಲಿಲ್ಲ. ತನ್ನ ಎಳೆಮಗು ಸೀನಿದರೆ ನ್ಯುಮೋನಿಯದ ಭಯ. ಸೀನದಿದ್ದರೆ ಯಾಕೆ ಸೀನಲಿಲ್ಲವೆಂಬ ಭಯ.

ಒಮ್ಮೆ ಮಗುವಿನ ಬಾಯಿಯ ಸುತ್ತ ಕೆಂಪು ಗುಳ್ಳೆ ಎದ್ದವು. ಪಕ್ಕದ ಮನೆಯ ಪುಟ್ಟತಾಯಮ್ಮ ಗಲ್ಲ ಎತ್ತಿ ನೋಡಿ, "ಜೇಡ ಉಚ್ಚೆ ಉಯ್ದದೆ ಕಣವ್ವ, ಕೆಮ್ಮಣ್ಣು ಅಚ್ಚು" ಎಂದು ಹೋದಳು. ವಿಮಲ ಕೆಮ್ಮಣ್ಣು ಹಚ್ಚಿದಳು. ಪೊರಕೆ ಹಿಡಿದು ಅಟ್ಟ, ತೊಲೆ ಎಲ್ಲ ಗುಡಿಸಿದಳು. ಮನೆಯಲ್ಲಿ ಒಂದು ಜೇಡವೂ ಉಳಿಯಲಿಲ್ಲ. ಗುಳ್ಳೆ ಉಳಿದವು. ಮರುದಿನ ಬೆಳಿಗ್ಗೆ ಹೊರಗೆ ಬಂದು ನೋಡಿದರೆ, ಜಗಲಿಯಲ್ಲಿ ಮಗು ಅಜ್ಜಿಯ ಮಡಿಲಲ್ಲಿ ಕೂತು ಆ ಮಣಿಯನ್ನು ಚೀಪುತ್ತಿದೆ!

"ಅತ್ತೆ! ಇದೇ ಆ ಜೇಡ! ಹೊಳೆಗೆ ಎಸೆದುಬಿಡಿ!"

ಶಿವನಂಜಮ್ಮ ಮಣಿಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡರು. "ನಿಮ್ಮಾವ ನಂಗೆ ಅಂತ ತಂದಿದ್ದು ಇದೊಂದೇ ಕಣವ್ವ. ಇದು ಸತ್ತು ಲಕ್ಸಾಂತ್ರ ವರ್ಸ ಆಯ್ತು ಅಂತ ನೀನೇ ಯೋಳಿದ್ದೆ. ಸತ್ತಿರೋದು ಉಚ್ಚೆ ಉಯ್ತದಾ?"

"ಅದಕ್ಕೇ ಭಯ ಅತ್ತೆ! ಅಷ್ಟು ವರ್ಷದಿಂದ ತಡ್ಕೊಂಡಿದೆಯಲ್ಲ!"

ಶಿವನಂಜಮ್ಮ ಮುಷ್ಟಿ ಬಿಡಿಸಿ ಜೇಡವನ್ನೊಮ್ಮೆ ನೋಡಿದರು.

"ಆಗ್ಲಿ ಬುಡು. ಕತ್ಲಾಗೋಗಂಟ ನನ್ ಬಾಯಲ್ಲೇ ಮಡೀಕತೀನಿ. ಗುಳ್ಳೆ ಎದ್ರೆ ನಾನೇ ಎಸೀತೀನಿ" ಎಂದು, ದಾರ ಕೊರಳಲ್ಲೇ ಇದ್ದ ಹಾಗೆಯೇ ಮಣಿಯನ್ನು ದವಡೆಗೆ ಒತ್ತಿಕೊಂಡರು.

ಮನೆ ಗಪ್‌ಚಿಪ್. ಚೌಕಾಸಿಯಿಲ್ಲದೆ ಸೊಪ್ಪು ಮಾರಿಹೋದ ಸೊಪ್ಪಿನವಳು, ಶಿವನಂಜಮ್ಮನಿಗೆ ಬಾಯಿ ಬಿದ್ದುಹೋಗಿದೆಯೆಂದು ಬೀದಿಗೆಲ್ಲ ಸಾರಿದಳು. ಮಧ್ಯಾಹ್ನದ ಹೊತ್ತಿಗೆ ನೋಡಲು ಬಂದವರಿಂದ ಜಗಲಿ ತುಂಬಿತು. ಏನೂ ಆಗಿಲ್ಲವೆಂದು ಶಿವನಂಜಮ್ಮ ಕೈಸನ್ನೆ ಮಾಡಿದಷ್ಟೂ ಬಂದವರು "ಅಯ್ಯೋ ಶಿವನೇ" ಎಂದು ಕಣ್ಣೊರೆಸಿಕೊಂಡರು.

ಸಂಜೆ ಶಿವನಂಜಮ್ಮ ಮಣಿ ಉಗಿದು ತುಟಿ ತೋರಿಸಿದರು. ಒಂದು ಗುಳ್ಳೆಯಿಲ್ಲ. ಅಷ್ಟರಲ್ಲಿ ಮಗು ವಿಮಲಳ ಬೆರಳು ಕಚ್ಚಿತು. ಕೆಳವಸಡಿನಲ್ಲಿ ಅಕ್ಕಿಕಾಳಿನಂಥ ಹಲ್ಲು! ಹಲ್ಲು ಬರುವಾಗಿನ ಜೊಲ್ಲಿಗೆ ಎದ್ದ ಗುಳ್ಳೆ ಅವು.

"ಈಗ ಯೋಳವ್ವ, ಎಸೀಬೇಕಾ?"

ವಿಮಲಳ ಕಿವಿಯಲ್ಲಿ ಆ ದಿನದ ಮೌನ ಇನ್ನೂ ತಂಪಾಗಿತ್ತು.

"ಬೇಡ ಅತ್ತೆ. ಆದ್ರೆ ಮಗೂ ವಿಷಯ... ಯಾವುದಕ್ಕೂ ಇನ್ನೊಂದು ದಿನ ಬಾಯಲ್ಲೇ ಇಟ್ಕೊಂಡು ನೋಡ್ತೀರಾ?"