ಸಿಕ್ಕಿಕೊಳ್ಳುವ ಗಾಲಿ

ಆಸ್ಪತ್ರೆಯಲ್ಲಿ ಅವನನ್ನು ಎಲ್ಲರೂ ಗಾಡಿಯಣ್ಣ ಎಂದೇ ಕರೆಯುತ್ತಿದ್ದರು. ಮೂವತ್ತೊಂದು ವರ್ಷ ಸ್ಟ್ರೆಚರ್ ತಳ್ಳಿದವನಿಗೆ ಇನ್ನೊಂದು ಹೆಸರು ಯಾಕೆ ಬೇಕು? ಸಂಬಳದ ಚೀಟಿಯಲ್ಲೇನೋ ಒಂದು ಹೆಸರಿತ್ತು. ಅದು ಗೊತ್ತಿದ್ದೂ ಹಾಗೆ ಕರೆಯದೆ ‘ರೀ’ ಎನ್ನುತ್ತಿದ್ದ ಒಬ್ಬಳು ಆರು ವರ್ಷದ ಹಿಂದೆ ಹೋಗಿಬಿಟ್ಟಿದ್ದಳು.

ಅವನ ದಾರಿ ತುರ್ತು ವಿಭಾಗದಿಂದ ಹಿಂದಿನ ಕಟ್ಟಡದ ಸ್ಕ್ಯಾನ್ ಕೋಣೆಗೆ, ಅಲ್ಲಿಂದ ಉದ್ದನೆಯ ಕಾರಿಡಾರಿನಲ್ಲಿ ಲಿಫ್ಟಿಗೆ, ಲಿಫ್ಟಿನಿಂದ ಎರಡನೇ ಮಹಡಿಯ ಆಪರೇಷನ್ ಥಿಯೇಟರಿಗೆ. ಒಟ್ಟು ನಾನೂರ ಹನ್ನೆರಡು ಹೆಜ್ಜೆ. ಎಲ್ಲಿ ನೆಲದ ಕಲ್ಲು ಎದ್ದಿದೆ, ಎಲ್ಲಿ ಲಿಫ್ಟಿನ ಅಂಚು ಒಂದು ಬೆರಳು ಮೇಲಿದೆ ಎಂದು ಕಣ್ಣು ಕಟ್ಟಿ ಬಿಟ್ಟರೂ ಹೇಳುತ್ತಿದ್ದ. ಒಡೆದ ತಲೆ, ಮುರಿದ ಪಕ್ಕೆಲುಬು, ಒಳಗೊಳಗೇ ರಕ್ತ ಸೋರುವ ಹೊಟ್ಟೆ, ಎಲ್ಲವೂ ಅವನ ಕೈಯಲ್ಲೇ ಸಾಗಿದ್ದವು. ದಾರಿಯುದ್ದಕ್ಕೂ ರೋಗಿಯನ್ನು ಮಾತಾಡಿಸುತ್ತಿರುವುದು ಅವನ ಪದ್ಧತಿ. “ಬೆಳಿಗ್ಗೆ ಏನ್ ತಿಂದ್ರಿ?” ಎಂದು ಶುರು ಮಾಡುತ್ತಿದ್ದ. ತಿಂದದ್ದು ನೆನಪಿದ್ದರೆ ತಲೆ ನೆಟ್ಟಗಿದೆ ಎಂಬುದು ಅವನ ಲೆಕ್ಕ. ಇದನ್ನು ಯಾವ ಡಾಕ್ಟರೂ ಹೇಳಿಕೊಟ್ಟಿರಲಿಲ್ಲ, ಯಾವ ಡಾಕ್ಟರೂ ಬೇಡ ಎಂದಿರಲಿಲ್ಲ.

ಕಾರಿಡಾರಿನ ನಡುವೆ, ಕುಡಿಯುವ ನೀರಿನ ನಲ್ಲಿಯ ಹತ್ತಿರ, ಒಂದು ತಿರುವಿತ್ತು. ಅಲ್ಲಿಂದಾಚೆಗೆ ಮನೆಯವರು ಬರುವ ಹಾಗಿಲ್ಲ. ಅಮ್ಮಂದಿರು, ಗಂಡಂದಿರು, ಅಕ್ಕತಂಗಿಯರು ಅಲ್ಲೇ ಗೋಡೆಗೆ ಒರಗಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದರು. ಗಾಡಿ ಆ ತಿರುವಿಗೆ ಬಂತೆಂದರೆ ಒಂದು ಗಾಲಿ ತಪ್ಪದೆ ಸಿಕ್ಕಿಕೊಳ್ಳುತ್ತಿತ್ತು. “ಥೂ, ಹಾಳು ಗಾಲಿ!” ಎಂದು ಗಾಡಿಯಣ್ಣ ಬಗ್ಗಿ ಅದನ್ನು ಅಲ್ಲಾಡಿಸುವಷ್ಟರಲ್ಲಿ ಯಾರೋ ರೋಗಿಯ ಕೆನ್ನೆ ಸವರುತ್ತಿದ್ದರು, ಇನ್ಯಾರೋ ಕಿವಿಯ ಹತ್ತಿರ ಒಂದು ಮಾತು ಹೇಳುತ್ತಿದ್ದರು. ಎರಡು ಉಸಿರು, ಹೆಚ್ಚೆಂದರೆ ಮೂರು. ಆಮೇಲೆ ಗಾಲಿ ತಾನಾಗಿಯೇ ಸರಿಹೋಗುತ್ತಿತ್ತು.

ಗಾಲಿಗೆ ಏನೂ ಆಗಿರಲಿಲ್ಲ. ಅವನೇ ಕಾಲಿನಿಂದ ಬ್ರೇಕ್ ಒತ್ತುತ್ತಿದ್ದ. ರಿಪೇರಿಯವನು ತಿಂಗಳಿಗೊಮ್ಮೆ ಬಂದು, ಎಣ್ಣೆ ಬಿಟ್ಟು, ಎರಡು ಸಲ ಗಾಲಿಯನ್ನೇ ಬದಲಾಯಿಸಿ, “ಇದಕ್ಕೇನು ದೆವ್ವ ಹೊಕ್ಕಿದ್ಯಾ ಅಣ್ಣಾ?” ಎಂದು ತಲೆ ಕೆರೆದುಕೊಂಡಿದ್ದ. ಗಾಡಿಯಣ್ಣ ಏನೂ ಅರಿಯದ ಪೆದ್ದನ ಮುಖ ಮಾಡಿಕೊಂಡು ನಿಂತಿದ್ದ. ಗುಟ್ಟು ಗೊತ್ತಿದ್ದದ್ದು ಹೆಂಡತಿಗೊಬ್ಬಳಿಗೇ. “ಯಾರಾದ್ರೂ ನೋಡಿದ್ರೆ ಕೆಲಸಕ್ಕೇ ಸಂಚಕಾರ” ಎಂದು ಗದರುತ್ತಿದ್ದಳು. ಗದರಿ ಮುಗಿದ ಮೇಲೆ, ತಟ್ಟೆ ಮುಂದಿಡುತ್ತಾ, “ಇವತ್ತು ಯಾರಿಗೆ ನಿಲ್ಲಿಸಿದ್ರಿ?” ಎಂದು ಕೇಳುತ್ತಿದ್ದಳು. ಅವನು ವಿವರವಾಗಿ ಹೇಳುತ್ತಿದ್ದ. ಮಕ್ಕಳಿಲ್ಲದ ಆ ಮನೆಯಲ್ಲಿ ಊಟದ ಹೊತ್ತಿನ ಮಾತೆಂದರೆ ಅದೇ.

ಒಂದು ಮಧ್ಯಾಹ್ನ ರಸ್ತೆ ದಾಟುವಾಗ ಅವಳಿಗೇ ಬಸ್ಸು ಬಡಿಯಿತು. ತಂದದ್ದು ಇದೇ ಆಸ್ಪತ್ರೆಗೆ. ಗಾಡಿಯ ಮೇಲಿರುವ ಮುಖ ನೋಡಿ ಅವನೇ ಬಂದು ಕಂಬಿ ಹಿಡಿದ. ಬೇರೆಯವರು ತಳ್ಳುತ್ತೇವೆಂದರೆ ಬಿಡಲಿಲ್ಲ. ಅವತ್ತು ಅವನು ಓಡಿದ. ಬೆಳಿಗ್ಗೆ ಏನು ತಿಂದೆ ಎಂದು ಕೇಳಲಿಲ್ಲ, ಜೊತೆಗೇ ಕೂತು ತಿಂದಿದ್ದನಲ್ಲ. ತಿರುವಿನಲ್ಲಿ ಯಾರೂ ಕಾದು ನಿಂತಿರಲಿಲ್ಲ. ನಿಲ್ಲಬೇಕಾದವನು ಗಾಡಿ ತಳ್ಳುತ್ತಿದ್ದ. ಸರಿಯಾಗಿ ಅಲ್ಲಿಗೆ ಬಂದಾಗ ಅವಳು ಕಣ್ಣು ತೆರೆದು, “ರೀ, ಇಲ್ನೋಡಿ” ಎಂದಳು.

“ಸುಮ್ನಿರು, ಮಾತಾಡ್ಬೇಡ” ಎಂದ ಅವನು, ಬಗ್ಗಿ ಮುಖವನ್ನೂ ನೋಡದೆ ಲಿಫ್ಟಿನ ಕಡೆ ನುಗ್ಗಿದ. ಅವಳು ಸುಮ್ಮನಾದಳು. ಥಿಯೇಟರಿನಿಂದ ಜೀವಂತವಾಗಿ ಹೊರಗೆ ಬರಲಿಲ್ಲ.

ಆಮೇಲಿನ ಆರು ವರ್ಷ ಅವನನ್ನು ನಿಲ್ಲಿಸಿಕೊಂಡದ್ದು ಒಂದೇ ಒಂದು ಸಮಾಧಾನ: ನಾನು ಒಂದು ಕ್ಷಣವನ್ನೂ ಹಾಳು ಮಾಡಲಿಲ್ಲ. ಒಂದು ತಟ್ಟೆ, ಒಂದು ಲೋಟ, ತಲೆಯ ಮೇಲೆ ಕಿರುಗುಟ್ಟುವ ಫ್ಯಾನು. “ಏನಮ್ಮಾ ನಿನ್ನ ಗೋಳು?” ಎಂದು ಫ್ಯಾನನ್ನು ಕೇಳುತ್ತಿದ್ದ. ಅದೂ ಪುಣ್ಯಕ್ಕೆ ಗೊಣಗುತ್ತಲೇ ಇರುತ್ತಿತ್ತು. ರಜೆಯ ದಿನವೆಂದರೆ ಶಿಕ್ಷೆ. ಇಡೀ ದಿನ ಬಾಯಿಂದ ಮಾತು ಹೊರಬೀಳದೆ, ಮಾರನೆಯ ದಿನ ಮೊದಲ ರೋಗಿಯ ಮುಂದೆ ಗಂಟಲು ಕೆಮ್ಮಿ ಸರಿಮಾಡಿಕೊಳ್ಳಬೇಕಾಗುತ್ತಿತ್ತು. ಒಂಟಿತನ ಅಂಥ ಹೊತ್ತಿನಲ್ಲಿ ಗಂಟಲಿನಲ್ಲೇ ಕೂತಿರುತ್ತದೆ. ಅನುಭವಿಸಿದವರಿಗೆ ಬಿಡಿಸಿ ಹೇಳಬೇಕಿಲ್ಲ.

ಹೀಗಿರುವಾಗ ಆಸ್ಪತ್ರೆಗೆ ಹೊಸ ಕೋಣೆ ಬಂತು. ಆಂಬ್ಯುಲೆನ್ಸ್ ನಿಲ್ಲುವ ಜಾಗಕ್ಕೆ ಅಂಟಿಕೊಂಡೇ ಕಟ್ಟಿದ್ದರು. ನಡುವೆ ಒಂದೇ ಮೇಜು, ನೆಲದಲ್ಲಿ ಹಳಿ. ಹಳಿಯ ಮೇಲೆ ದೊಡ್ಡ ಬಳೆಯಂಥ ಸ್ಕ್ಯಾನ್ ಯಂತ್ರ ಜಾರಿಕೊಂಡು ಬಂದು, ಮಲಗಿದವನನ್ನು ತಲೆಯಿಂದ ತೊಡೆಯವರೆಗೆ ನೋಡಿ, ಹಿಂದಕ್ಕೆ ಸರಿಯುತ್ತದೆ. ಅದೇ ಮೇಜಿನ ಮೇಲೆ, ಅಲ್ಲೇ, ಆಪರೇಷನ್. ಸರ್ಜನ್ ಡಾಕ್ಟ್ರಮ್ಮ ಎಲ್ಲ ಸಿಬ್ಬಂದಿಯನ್ನೂ ಸುತ್ತ ನಿಲ್ಲಿಸಿಕೊಂಡು ವಿವರಿಸಿದರು.

“ಇನ್ಮೇಲೆ ರೋಗಿ ಸ್ಕ್ಯಾನ್ ಹತ್ರ ಹೋಗಲ್ಲ, ಸ್ಕ್ಯಾನೇ ರೋಗಿ ಹತ್ರ ಬರತ್ತೆ. ಎತ್ತೋದಿಲ್ಲ, ಇಳಿಸೋದಿಲ್ಲ, ಲಿಫ್ಟಿಗೆ ಕಾಯೋದಿಲ್ಲ. ಒಳಗೆ ರಕ್ತ ಸೋರ್ತಿರೋವಾಗ ಅರ್ಧ ನಿಮಿಷ ಅಂದ್ರೂ ಸಣ್ಣದಲ್ಲ. ಅಷ್ಟರಲ್ಲಿ ಕೈ ಮೀರಿ ಹೋದೋರಿದ್ದಾರೆ.”

ಎಲ್ಲರೂ ಚಪ್ಪಾಳೆ ತಟ್ಟಿದರು. ಗಾಡಿಯಣ್ಣನ ಕೈಯೂ ತಟ್ಟಿತು. ತಲೆಯಲ್ಲಿ ಮಾತ್ರ ಒಂದೇ ಮಾತು ನಿಂತಿತ್ತು. ಅರ್ಧ ನಿಮಿಷ. ಎರಡು ಉಸಿರು, ಮೂರು ಉಸಿರು ಎಂದು ತಾನು ಹಗುರಾಗಿ ಅಂದುಕೊಂಡಿದ್ದು ಇದೇ ಅಲ್ಲವೇ? ಮೂವತ್ತೊಂದು ವರ್ಷದಲ್ಲಿ ಎಷ್ಟು ಸಲ ಬ್ರೇಕ್ ಒತ್ತಿದ್ದೆ? ಅವರಲ್ಲಿ ಎಷ್ಟು ಜನ ಮನೆಗೆ ನಡೆದು ಹೋದರು, ಎಷ್ಟು ಜನ ಹೋಗಲಿಲ್ಲ? ಕೆನ್ನೆ ಸವರಿಸಿಕೊಂಡ ಮುಖಗಳೆಲ್ಲ ಸಾಲುಗಟ್ಟಿ ಕಣ್ಣ ಮುಂದೆ ಬಂದವು. ಊಟ ಸೇರದಾಯಿತು. ಯಾರಿಗಾದರೂ ಹೇಳಿಕೊಳ್ಳೋಣವೆಂದರೆ ಆ ಗುಟ್ಟು ಗೊತ್ತಿದ್ದವಳೇ ಇಲ್ಲ.

ಹೊಸ ಕೋಣೆಯ ಎರಡನೇ ವಾರ, ಮಧ್ಯಾಹ್ನ ಮೂರು ಗಂಟೆಗೆ, ಗೋಡೆಗೆ ಬಣ್ಣ ಬಳಿಯುವವನೊಬ್ಬ ಮೂರನೇ ಮಹಡಿಯ ಅಟ್ಟಣಿಗೆಯಿಂದ ಬಿದ್ದು ಬಂದ. ಮೈಯೆಲ್ಲ ನೀಲಿ ಬಣ್ಣ, ಹೊಟ್ಟೆ ಹಲಗೆಯ ಹಾಗೆ ಗಟ್ಟಿ. ಆಂಬ್ಯುಲೆನ್ಸಿನಿಂದ ಬಾಗಿಲಿಗೆ ಹನ್ನೊಂದೇ ಹೆಜ್ಜೆ. ಗಾಡಿಯಣ್ಣ ಅಭ್ಯಾಸಬಲದಿಂದ ಕೇಳಿದ: “ಮಧ್ಯಾಹ್ನ ಏನ್ ತಿಂದ್ರಿ?” ಅವನು ತುಟಿ ಅಲ್ಲಾಡಿಸಿ ಏನೋ ಹೇಳಿದ. ಅಷ್ಟರಲ್ಲಿ ಆಟೋದಿಂದ ಇಳಿದು ಓಡಿಬಂದ ಹೆಂಡತಿ ಗಾಡಿಯ ಕಂಬಿ ಹಿಡಿದುಕೊಂಡಳು. “ಒಂದ್ಸಲ ಮುಖ ನೋಡ್ತೀನಣ್ಣಾ, ಒಂದೇ ಸಲ!”

ಅವನ ಕಾಲು ತಾನೇ ತಾನಾಗಿ ಬ್ರೇಕಿನ ಮೇಲೆ ಹೋಯಿತು. ಮೂವತ್ತೊಂದು ವರ್ಷದ ಕಾಲು. ಅವನು ಹಲ್ಲು ಕಚ್ಚಿ ಅದನ್ನು ಎತ್ತಿದ. ಅವಳ ಕೈ ಬಿಡಿಸಿ, ಗಾಡಿಯನ್ನು ಒಳಗೆ ದಬ್ಬಿದ. ಬಾಗಿಲು ಮುಚ್ಚಿಕೊಂಡಿತು.

ಒಳಗೆ ರೋಗಿಯನ್ನು ಮೇಜಿಗೆ ಸೇರಿಸುತ್ತಲೇ ಅವನ ಕೆಲಸ ಮುಗಿದಿತ್ತು. ಯಂತ್ರ ಹಳಿಯ ಮೇಲೆ ಬರುವ ಸದ್ದು ಬೆನ್ನ ಹಿಂದೆ ಕೇಳಿತು. ಹೊರಗೆ ಬಂದರೆ ಅವಳು ನೆಲದ ಮೇಲೆ ಕುಸಿದು ಕೂತಿದ್ದಳು. ಅವನು ಲೋಟದಲ್ಲಿ ನೀರು ತಂದುಕೊಟ್ಟು ಪಕ್ಕದಲ್ಲಿ ಕೂತ. ಬೈದರೆ ಬೈಯಲಿ ಎಂದು ಕಾದ. ಅವಳು ಬೈಯಲಿಲ್ಲ.

“ನನ್ನ ಗಂಡ ಏನಾದ್ರೂ ಅಂದ್ರಾ ಅಣ್ಣಾ?”

“ಏನ್ ತಿಂದ್ರಿ ಅಂತ ಕೇಳ್ದೆ. ಡಬ್ಬಿ ಹಾಗೇ ಇದೆ, ತಿಂದಿಲ್ಲ, ಅವಳಿಗೆ ಹೇಳ್ಬೇಡಿ ಅಂದ್ರು.”

ಅವಳು ಅಳುತ್ತಳುತ್ತಲೇ ನಕ್ಕುಬಿಟ್ಟಳು. “ದಿನಾ ಇದೇ ಕಥೆ. ಬರ್ಲಿ ಹೊರಗೆ, ಮಾಡ್ತೀನಿ” ಎಂದಳು. ಆ ಮಾತನ್ನೇ ಕೈಯಲ್ಲಿ ಹಿಡಿದುಕೊಂಡವಳಂತೆ ನೆಟ್ಟಗೆ ಕೂತಳು. ಗಾಡಿಯಣ್ಣ ಗೋಡೆಯ ಕಡೆ ತಿರುಗಿದ. ಅವನ ಹೆಂಡತಿ ಸತ್ತಾಗ, ಅವಳು ಕೊನೆಗೆ ಏನೆಂದಳು ಎಂದು ಯಾರೂ ಅವನನ್ನು ಕೇಳಿರಲಿಲ್ಲ. ಕೇಳಿದ್ದರೂ ಹೇಳಲು ಅವನ ಹತ್ತಿರ ಇದ್ದದ್ದು ಅರ್ಧ ಮಾತು.

ಎರಡು ಗಂಟೆ ಕಳೆದ ಮೇಲೆ ಡಾಕ್ಟ್ರಮ್ಮ ಹೊರಗೆ ಬಂದು, ಬಣ್ಣದವನು ಬದುಕಿದ ಎಂದರು. ಅವಳು ಅವರ ಕೈ ಹಿಡಿದುಕೊಂಡು ಅತ್ತಳು. ಗಾಡಿಯಣ್ಣನಿಗೂ ನಿಜವಾಗಿ ಸಂತೋಷವಾಯಿತು. ಡಾಕ್ಟ್ರಮ್ಮ ನಲ್ಲಿಯ ಹತ್ತಿರ ಮುಖ ತೊಳೆಯುವಾಗ ಅವನು ಹಿಂದೆಯೇ ಹೋಗಿ ನಿಂತ.

“ಡಾಕ್ಟ್ರೇ, ಹಳೇ ಗಾಡಿ ಗಾಲಿ ಸಿಕ್ಕಿಕೊಳ್ತಿತ್ತಲ್ಲ, ಅದು ಗಾಲಿ ತಪ್ಪಲ್ಲ. ನಾನೇ ಬ್ರೇಕ್ ಹಾಕ್ತಿದ್ದೆ. ಮನೆಯವ್ರು ಮುಖ ನೋಡ್ಲಿ ಅಂತ.”

ಅವರು ಕೈ ಒರೆಸಿಕೊಳ್ಳುವುದನ್ನು ನಿಲ್ಲಿಸಿದರು.

“ಅದ್ರಿಂದ ಯಾರಾದ್ರೂ ಸತ್ರಾ?” ಎಂದು ಅವನೇ ಕೇಳಿದ.

“ಇರಬಹುದು, ಇಲ್ಲದೇನೂ ಇರಬಹುದು. ಸುಳ್ಳು ಹೇಳಲ್ಲ, ನನಗೆ ಗೊತ್ತಿಲ್ಲ” ಎಂದರು. ಅವನ ಮುಖ ನೋಡಿ ಅವರಿಗೆ ಕನಿಕರವಾಗಿರಬೇಕು. ಆರು ವರ್ಷದ ಹಿಂದೆ ಅವನ ಹೆಂಡತಿಯ ಆಪರೇಷನ್ ಮಾಡಿದ್ದವರೂ ಅವರೇ.

“ನನ್ನೋಳಿಗೆ ನಿಲ್ಲಿಸ್ಲಿಲ್ಲ ಡಾಕ್ಟ್ರೇ. ಓಡ್ದೆ.”

“ನಂಗೆ ನೆನಪಿದೆ” ಎಂದು ಅವರು ಅವನ ತೋಳು ಮುಟ್ಟಿದರು. “ಅವ್ರ ವಿಷಯದಲ್ಲಿ ಮಾತ್ರ ನೀವು ಕೊರಗ್ಬೇಡಿ. ಒಳಗಿನ ದೊಡ್ಡ ರಕ್ತನಾಳಾನೇ ಹರಿದುಹೋಗಿತ್ತು. ಈ ಕೋಣೆ ಅವತ್ತೇ ಇದ್ದಿದ್ರೂ ಉಳೀತಿರ್ಲಿಲ್ಲ. ನೀವು ಓಡಿದ್ರೂ ಅಷ್ಟೇ, ನಿಂತಿದ್ರೂ ಅಷ್ಟೇ.”

ಒಳ್ಳೆಯ ಮನಸ್ಸಿನಿಂದಲೇ ಹೇಳಿದರು, ಹೇಳಿ ಒಳಗೆ ಹೋದರು. ನಿಂತಿದ್ದರೂ ಅಷ್ಟೇ. ಅವನು ಆ ಮಾತನ್ನು ಒಂದು ಸಲ ಮೆಲ್ಲಗೆ ಬಾಯಿಬಿಟ್ಟು ಹೇಳಿಕೊಂಡ. ಆರು ವರ್ಷ ಗಟ್ಟಿಯಾಗಿ ಹಿಡಿದುಕೊಂಡಿದ್ದದ್ದು ಕೈಯಿಂದ ಜಾರಿಹೋಯಿತು. ನಿಲ್ಲಬಹುದಿತ್ತು. ನಿಂತು ಕೇಳಬಹುದಿತ್ತು.

ಸಂಜೆ ಬಿಸಿಲು ಇರುವಾಗಲೇ ಹಳೆಯ ಗಾಡಿಯನ್ನು ಉಗ್ರಾಣಕ್ಕೆ ಸಾಗಿಸುವ ಕೆಲಸ ಅವನಿಗೆ ಬಿತ್ತು. ಹಳೆಯ ಕಾರಿಡಾರಿನಲ್ಲಿ ಈಗ ಓಡಾಟವಿಲ್ಲ. ಖಾಲಿ ಗಾಡಿ ತಳ್ಳುತ್ತಾ ತಿರುವಿಗೆ ಬಂದ. ಕಾಲಿನಿಂದ ಬ್ರೇಕ್ ಒತ್ತಿದ. ಮುಂದೆ ಬಂದು, ದಿಂಬು ಇರುತ್ತಿದ್ದ ಕಡೆ ಬಗ್ಗಿದ.

“ಏನೋ ಹೇಳ್ತಿದ್ಯಲ್ಲ” ಎಂದ.

ಆ ಕಡೆಯಿಂದ ಔಷಧಿಯ ತಟ್ಟೆ ಹಿಡಿದು ಬಂದ ಹಿರಿಯ ಸಿಸ್ಟರ್ ಅವನನ್ನು ನೋಡಿ ನಕ್ಕರು. “ಖಾಲಿ ಗಾಡಿಗೂ ಸಿಕ್ಕಿಕೊಳ್ತಾ ಗಾಡಿಯಣ್ಣ, ನಿನ್ನ ಗಾಲಿ?”

“ಹೂಂ ಸಿಸ್ಟರ್” ಎಂದ ಅವನು, ತಲೆ ಎತ್ತದೆ. “ಸಿಕ್ಕಿಕೊಂಡಿದೆ. ನೀವು ಹೋಗಿ, ಸ್ವಲ್ಪ ಹೊತ್ತಾಗತ್ತೆ.”