ತಮ್ಮನ ಜೀನ್ ವರದಿ ತರಲು ಬೊಮ್ಮಸಂದ್ರಕ್ಕೆ

ರಾಜಗೋಪಾಲನಗರದ ಬಾಡಿಗೆ ಕೋಣೆಗೆ ಬೀಗ ಹಾಕಿ ನಾನೂ ತಮ್ಮ ಈರಣ್ಣನೂ ಬುಧವಾರ ಬೆಳಿಗ್ಗೆ ಏಳಕ್ಕೆ ಹೊರಟೆವು. ಪೀಣ್ಯದಲ್ಲಿ ಮೆಟ್ರೊ ಹತ್ತಿ, ಆರ್.ವಿ. ರಸ್ತೆಯಲ್ಲಿ ಬದಲಿಸಿ ಬೊಮ್ಮಸಂದ್ರಕ್ಕೆ. ಒಬ್ಬರಿಗೆ ತೊಂಬತ್ತು ರೂಪಾಯಿ. ಅಷ್ಟು ಕೊಟ್ಟರೂ ಅರ್ಧ ದಾರಿ ನಿಂತೇ ಹೋದೆವು.

ಲೇತ್ ಕೆಲಸದ ಈರಣ್ಣನಿಗೆ ಮೂರು ವರ್ಷದಿಂದ ಮೇದೋಜ್ಜೀರಕ ಗ್ರಂಥಿಯ ಉರಿಯೂತ. ನೋವು ಬಂದರೆ ಹೊಟ್ಟೆ ಹಿಡಿದು ನೆಲಕ್ಕೆ ಕೂತುಬಿಡುತ್ತಾನೆ. ಕುಡುಕರ ರೋಗವೆಂದು ವಠಾರವೇ ತೀರ್ಪು ಕೊಟ್ಟಿತು. ನಾವು ಹುನಗುಂದ ಕಡೆಯ ಲಿಂಗಾಯತರು. ಕೊರಳ ಲಿಂಗ ಹಿಡಿಸಿ ಆಣೆ ಮಾಡಿಸಿದೆ. "ಮುಟ್ಟಿಲ್ಲಕ್ಕಾ" ಎಂದ. ಆಣೆ ಮಾಡಿಸಿದ ನಾನೇ ನಂಬದೆ, ಅವನ ಹೆಂಡತಿ ಶಾಂತಳ ಕಿವಿಗೂ ಕುಡಿತದ ಮಾತು ಹಾಕಿದೆ. ಅವಳು ಮಗುವನ್ನೆತ್ತಿಕೊಂಡು ತವರಿಗೆ ಹೋದಳು. ಆಮೇಲೆ ಡಾಕ್ಟರು ವಂಶದಿಂದಲೂ ಬಂದಿರಬಹುದೆಂದು ನಮ್ಮಿಬ್ಬರ ರಕ್ತ ಪರೀಕ್ಷೆಗೆ ಕಳಿಸಿದರು. ಕುಡಿತವಲ್ಲವೆಂದು ಬರೆದ ಕಾಗದ ಸಿಕ್ಕರೆ ಶಾಂತಾ ಮರಳುತ್ತಾಳೆ ಎಂಬುದೇ ನನ್ನ ಆಸೆ.

ಬೊಮ್ಮಸಂದ್ರದಲ್ಲಿ ಸುಡುಬಿಸಿಲು, ಔಷಧ ಕಾರ್ಖಾನೆಯ ಘಾಟು. ಈರಣ್ಣನಿಗೆ ಎಣ್ಣೆಯ ತಿಂಡಿ ಆಗದು; ಎರಡೆರಡು ಇಡ್ಲಿ ತಿಂದು ಆಸ್ಪತ್ರೆಗೆ ನಡೆದೆವು. ವರದಿ ವಿವರಿಸುವ ಹುಡುಗಿ ತಾಳ್ಮೆಯವಳು.

"ನೋಡಿ ಅಕ್ಕ, ಯುರೋಪಿನ ಕೆಲವು ಮನೆತನಗಳಲ್ಲಿ ಒಂದು ಜೀನ್ ಕೆಟ್ಟಿದ್ರೆ ಸಾಕು, ಕಾಯಿಲೆ ಬರ್ಬೋದು. ನಮ್ಮ ದೇಶದಲ್ಲಿ ಜಾಸ್ತಿ ಸಿಗೋದು ಬೇರೆ ಜೀನ್. ಅದೊಂದರಿಂದ್ಲೇ ಬರುತ್ತೆ ಅಂತಿಲ್ಲ. ಇವ್ರಲ್ಲಿ ಅದಿದೆ. ನಿಮ್ಮಲ್ಲೂ ಇದೆ."

ನಾನು ಒಂದು ದಿನವೂ ಹೊಟ್ಟೆನೋವೆಂದು ಮಲಗಿದವಳಲ್ಲ.

"ಹಂಗಾದ್ರ ಅವಗಷ್ಟ ಯಾಕ ಬಂತ್ರೀ?"

"ಪೂರ್ತಿ ಗೊತ್ತಿಲ್ಲ ಅಕ್ಕ."

"ಕುಡದಿಲ್ಲಂತನಾರ ಬರದೈತಿಲ್ರೀ?"

"ಜೀನ್ ನೋಡಿ ಅದನ್ನ ಹೇಳಕ್ಕಾಗಲ್ಲ. ಕುಡೀದೇ ಇರೋರಿಗೂ ಈ ಕಾಯಿಲೆ ಬರುತ್ತೆ, ಅಷ್ಟೇ."

ಮರಳುವಾಗ ಸೀಟು ಸಿಕ್ಕಿತು. ವರದಿಯನ್ನು ಹಿಂದೆ ಮುಂದೆ ತಿರುವಿದೆ. ನಮ್ಮಿಬ್ಬರ ಹೆಸರು ಬಿಟ್ಟು ಏನೂ ತಿಳಿಯಲಿಲ್ಲ. ಈರಣ್ಣ ನಕ್ಕ. "ನಿನಗೂ ಐತಂತಲ್ಲಕ್ಕಾ, ಈಗ ನೀನೂ ಲಿಂಗ ಹಿಡದು ಆಣೆ ಮಾಡು." ನನಗೆ ನಾಚಿಕೆಯಾಯಿತು. ಇವನನ್ನು ನಂಬಲು ನನಗೆ ಕಾಗದ ಏಕೆ ಬೇಕಿತ್ತು? ಸಿಂಗಸಂದ್ರ ದಾಟುವಾಗ ಶಾಂತಳಿಗೆ ಫೋನ್ ಮಾಡಿ ವರದಿ ಬಂತೆಂದೆ.

"ಕಾಗದದಾಗ ಏನ್ ಬರದಾರ್ರೀ ಅಕ್ಕಾರ?"

"ಅದರಾಗ ಏನೂ ತಿಳೀವಲ್ದವಾ. ಅವ ಕುಡಿಯೂದಿಲ್ಲ. ನಾ ಹೇಳಾಕತ್ತೀನಿ."

"ಕುಡೀತಾನಂತ ಹೇಳಿದಾಕಿನೂ ನೀವ ಅಲ್ರೀ?"